ಕಾಟಾ, ಗಲ್ಲಾ, ಅನ್‌ಡೂ

ಜೂನ್ 16, 2025. ಸೋಮವಾರ, ರಾತ್ರಿ

ಊಟಕ್ಕೆ ಕೂತಿದ್ದಾಗ ತಿಪಟೂರಿನ ಮಂಡಿ ಗುಮಾಸ್ತರ ಫೋನು. "ಏನಮ್ಮ, ಕಾಟಾ ಹತ್ರ ಹುಡುಗ ಹಿಂದಕ್ಕೆ ಒತ್ತಿದ್ರೆ ಇಲ್ಲಿ ನಾನು ಹಾಕಿದ ರೇಟು ಹೋಗ್ತದಲ್ಲ. ಅವನದ್ದು ಅವನು ತೆಗೀಲಿ. ನನ್ನದಕ್ಕೆ ಯಾಕೆ ಕೈ ಹಾಕ್ತಾನೆ?"

ನೋಡ್ತೀನಿ ಸಾರ್ ಅಂದೆ. ಅನ್ನ ಆರಿತ್ತು.

ನನ್ನ ಅನ್‌ಡೂ ಲೈಬ್ರರಿ ಹುಟ್ಟಿದ್ದೇ ಒಬ್ಬರು ಕೂತು ಬಳಸೋಕೆ. ಕೊನೆಗೆ ಆದದ್ದು ಮೊದಲು ಹೋಗುತ್ತೆ. ಆ ಕೊನೆಯದು ಯಾರದ್ದು ಅಂತ ಅದು ಕೇಳಲ್ಲ. ಈಗ ಒಂದೇ ಪ್ರೋಗ್ರಾಮಿಗೆ ಎರಡು ಪರದೆ: ಕಾಟಾ ಹತ್ತಿರ ಒಂದು, ಗಲ್ಲಾದಲ್ಲಿ ಒಂದು. ತೂಕ ಓದೋಕೆ ಒಂದು ಥ್ರೆಡ್, ಡಿಸ್ಕಿಗೆ ಉಳಿಸೋಕೆ ಇನ್ನೊಂದು. ಎಲ್ಲರ ಕೈಯೂ ಒಂದೇ ಇತಿಹಾಸದ ಮೇಲೆ.

ಜೂನ್ 17, ಮಂಗಳವಾರ

ಬೆಳಿಗ್ಗೆ ಅಪ್ಪ ಅಟ್ಟ ಹತ್ತಿದ್ರು. ಕಾಯಿ ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸೋದು. ನೀರು ಪೂರ್ತಿ ಇಂಗಿ ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಒಳಗೆ ಲೊಟಲೊಟ. ಹೋದ ಮಳೆಗಾಲದ ಕೊನೇಲಿ ಏರಿಸಿದ ಕಾಯಿ. ಕೇಂದ್ರದ ಬೆಂಬಲ ಬೆಲೆ ಈ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100. ಮಾರುಕಟ್ಟೆ ಅದನ್ನು ಎಷ್ಟೋ ದಾಟಿ ನಿಂತಿದೆ. "ಈಗ ಕೊಡೋದಾ, ಇನ್ನೊಂದು ವಾರ ಇಡೋದಾ" ಅಂತ ಅಟ್ಟದ ಮೇಲಿಂದಲೇ ಕೇಳಿದ್ರು. ನನ್ನನ್ನೋ, ಕಾಯನ್ನೋ.

ಹಳೇ ಕೋಡ್ ಓದಿದೆ. ಎರಡು ಸ್ಟ್ಯಾಕ್. ಮಾಡಿದ ಕೆಲಸ ಒಂದರಲ್ಲಿ, ಹಿಂತೆಗೆದದ್ದು ಇನ್ನೊಂದರಲ್ಲಿ. ಹೊಸದೇನಾದರೂ ಬರೆದ ಕ್ಷಣ ರೀಡೂ ಸ್ಟ್ಯಾಕ್ ಖಾಲಿ. 1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದ ಕಮಾಂಡ್ ಮಾದರಿ: ಪ್ರತಿ ಕೆಲಸವೂ ಒಂದು ವಸ್ತು, ಆ ವಸ್ತುವಿಗೆ 'ಮಾಡು', 'ತೆಗೆ' ಎರಡೂ ಗೊತ್ತು.

ಇತಿಹಾಸವನ್ನು ಇನ್ನೊಂದು ಥ್ರೆಡ್‌ಗೆ ಕಳಿಸೋಕೆ ಹೋದರೆ ಕಂಪೈಲರ್ ಅಡ್ಡ ನಿಂತಿತು. ಒಳಗೆಲ್ಲೋ ಒಂದು 'ಆರ್‌ಸಿ'. ಅದು ಎಷ್ಟು ಜನ ತನ್ನನ್ನು ಹಿಡಿದಿದ್ದಾರೆ ಅಂತ ಎಣಿಸುವ ಲೆಕ್ಕ ಅಟಾಮಿಕ್ ಅಲ್ಲ. ಎರಡು ಥ್ರೆಡ್ ಒಟ್ಟಿಗೆ ಎಣಿಸಿದರೆ ಲೆಕ್ಕ ತಪ್ಪಿ, ಬಳಕೆಯಲ್ಲಿರೋ ಜಾಗವನ್ನೇ ಖಾಲಿ ಮಾಡಿಬಿಡಬಹುದು. ಬದಲಿಗೆ ಅಟಾಮಿಕ್ ಆಗಿ ಎಣಿಸುವ 'ಆರ್ಕ್' ಹಾಕಿದೆ. ಕಮಾಂಡ್‌ಗಳೆಲ್ಲ 'ಸೆಂಡ್' (ಇನ್ನೊಂದು ಥ್ರೆಡ್ಡಿಗೆ ಕಳಿಸಬಹುದಾದವು) ಆಗಿರಲೇಬೇಕು ಅಂತ ಟೈಪಿನಲ್ಲೇ ಬರೆದೆ. ಸಂಜೆಗೆ ಕಂಪೈಲ್ ಆಯಿತು.

ಕಂಪೈಲ್ ಆದರೆ ಅರ್ಧ ಮುಗಿದ ಹಾಗೆ ಅನ್ನೋ ಭ್ರಮೆ ಈ ರಸ್ಟ್ ಭಾಷೆ ಕೊಡುತ್ತೆ.

ಜೂನ್ 18, ಬುಧವಾರ

ದಾಖಲೆಗೊಂದು ಮ್ಯೂಟೆಕ್ಸ್ ಬೀಗ, ಇತಿಹಾಸಕ್ಕೊಂದು ಮ್ಯೂಟೆಕ್ಸ್ ಬೀಗ. ಕಾಗದದ ಮೇಲೆ ಚೊಕ್ಕ. ಆದರೆ ದಾಖಲೆಯ ಬೀಗ ಬಿಟ್ಟು ಇತಿಹಾಸದ ಬೀಗ ಹಿಡಿಯೋ ನಡುವೆ ಒಂದು ಸಂದು ಉಳಿಯುತ್ತೆ. ತೂಕ ಬದಲಾಗಿದೆ, ಬದಲಾಯಿತು ಅಂತ ಇನ್ನೂ ಬರೆದಿಲ್ಲ. ಆ ಸಂದಿನಲ್ಲಿ ಗಲ್ಲಾದವರು ಅನ್‌ಡೂ ಒತ್ತಿದರೆ ಹಿಂದಿನದು ಹೋಗುತ್ತೆ. ಎರಡನ್ನೂ ಒಟ್ಟಿಗೆ ಹಿಡಿದರೆ ಇನ್ನೊಂದು ಕಷ್ಟ: ಒಬ್ಬ ದಾಖಲೆ ಹಿಡಿದು ಇತಿಹಾಸಕ್ಕೆ ಕಾಯ್ತಾನೆ, ಇನ್ನೊಬ್ಬ ಇತಿಹಾಸ ಹಿಡಿದು ದಾಖಲೆಗೆ ಕಾಯ್ತಾನೆ. ಇಬ್ಬರೂ ಹಾಗೇ, ಡೆಡ್‌ಲಾಕ್.

ಎರಡಕ್ಕೂ ಸೇರಿ ಒಂದೇ ಬೀಗ. ಸರಿ.

ರಾತ್ರಿ 11.

ಸರಿಯಿಲ್ಲ. ಅನ್‌ಡೂ ಆದ ಕೂಡಲೇ ಪರದೆಗೆ ತಿಳಿಸುವ ಕಾಲ್‌ಬ್ಯಾಕ್, ಬೀಗ ಹಿಡಿದಿರುವಾಗಲೇ ಓಡುತ್ತೆ. ಅದು ವಾಪಸ್ ಬಂದು 'ಇನ್ನೂ ಅನ್‌ಡೂ ಉಳಿದಿದೆಯಾ' ಅಂತ ಕೇಳುತ್ತೆ. ರಸ್ಟಿನ ಮ್ಯೂಟೆಕ್ಸನ್ನು ಅದೇ ಥ್ರೆಡ್ ಎರಡನೇ ಸಲ ಹಿಡಿಯೋಕೆ ಹೋದರೆ ಕೈ ವಾಪಸ್ ಬರಲ್ಲ. ಪರದೆ ಕಲ್ಲಾಯಿತು. ತಿಳಿಸುವ ಕೆಲಸ ಬೀಗ ಬಿಟ್ಟ ಮೇಲೆ ಆಗಬೇಕು. ಆದರೆ ಬಿಟ್ಟ ಮೇಲೆ ತಿಳಿಸಿದ್ದು ಆಗಲೇ ಹಳೇ ಸುದ್ದಿ ಆಗಿರಬಹುದಲ್ಲ?

ಜೂನ್ 19, ಗುರುವಾರ

ಕರೆಂಟ್ ಬೆಳಿಗ್ಗೆಯಿಂದ ಇಲ್ಲ. ಲ್ಯಾಪ್‌ಟಾಪ್ ಸತ್ತಿತು. ಅಮ್ಮ ಖುಷಿಯಾಗಿದ್ದಳು. ಇಬ್ಬರೂ ಕೂತು ಹುಣಸೆಹಣ್ಣಿನ ಬೀಜ ತೆಗೆದೆವು. "ಬೆಂಗಳೂರಲ್ಲೂ ಈ ಲ್ಯಾಪ್‌ಟಾಪ್ ಕೆಲಸಾನೇ ಮಾಡ್ತಿದ್ದೆಯಲ್ಲ, ಇಲ್ಲಿ ಕೂತು ಮಾಡಿದ್ರೆ ಸಂಬಳ ಯಾಕೆ ಕಡಿಮೆ" ಅಂದಳು. ಉತ್ತರ ಗೊತ್ತಿದೆ, ಹೇಳೋಕೆ ಮನಸ್ಸಾಗಲಿಲ್ಲ.

ಬೀಜ ತೆಗೀತಾ ಯೋಚನೆ: 'ತೆಗೆ' ಅನ್ನೋ ಕೆಲಸವೇ ಅರ್ಧಕ್ಕೆ ಪ್ಯಾನಿಕ್ ಆದರೆ? ಬೀಗ ಹಿಡಿದ ಥ್ರೆಡ್ ಪ್ಯಾನಿಕ್ ಆಗಿ ಸತ್ತರೆ ರಸ್ಟ್ ಆ ಮ್ಯೂಟೆಕ್ಸಿಗೆ 'ಪಾಯ್ಸನ್' ಅಂತ ಗುರುತು ಹಾಕುತ್ತೆ. ಮುಂದೆ ಹಿಡಿಯೋಕೆ ಬಂದವರಿಗೆ ಡೇಟಾ ಬದಲು ಎಚ್ಚರಿಕೆ ಸಿಗುತ್ತೆ: ಒಳಗಿರೋದು ಅರ್ಧಂಬರ್ಧ ಇರಬಹುದು. ಆ ಎಚ್ಚರಿಕೆಯನ್ನು ಒಂದೇ ಪದದಲ್ಲಿ 'ಅನ್‌ರ‍್ಯಾಪ್' ಮಾಡಿ ಎಲ್ಲರೂ ದಾಟಿಬಿಡ್ತಾರೆ. ಆಗ ಒಬ್ಬ ಸತ್ತರೆ ಸಾಲಾಗಿ ಎಲ್ಲರೂ ಸಾಯ್ತಾರೆ. ಮಂಡೀಲಿ ಹರಾಜಿನ ದಿನ ಹಾಗಾಗಬಾರದು.

ಬೇರೆ ದಾರಿ: ಇರೋದನ್ನೇ ತಿದ್ದಬೇಡ. ಹೊಸ ಸ್ಥಿತಿಯನ್ನು ಪಕ್ಕದಲ್ಲಿ ಪೂರ್ತಿ ಕಟ್ಟು, ಕೊನೆಗೆ ಅದಲುಬದಲು ಮಾಡು. ನಡುವೆ ಏನಾದರೂ ಹಳೆಯದು ಹಾಗೇ ಇರುತ್ತೆ. ಬದಲಾಗದ ಭಾಗಗಳನ್ನು ಎರಡೂ ಆವೃತ್ತಿ ಹಂಚಿಕೊಂಡರೆ ಮೆಮೊರಿ ಹೆಚ್ಚು ತಿನ್ನಲ್ಲ. ಡಿಸ್ಕಿಗೆ ಉಳಿಸುವ ಥ್ರೆಡ್ಡೂ ಒಂದು ಆರ್ಕ್ ಪ್ರತಿ ಹಿಡಿದು ತನ್ನ ಪಾಡಿಗೆ ಬರೆದುಕೊಳ್ಳಲಿ. ಯಾರನ್ನೂ ಕಾಯಿಸಲ್ಲ.

ಕರೆಂಟ್ ರಾತ್ರಿ ಬಂತು. ಬರೆಯೋಕೆ ಕೂತರೆ ನಿದ್ದೆ.

ಜೂನ್ 21, ಶನಿವಾರ

ತಿಪಟೂರಿಗೆ ಹೋದೆ. ನೊಣವಿನಕೆರೆ ಬಸ್ಸು ತುಂಬಿತ್ತು. ಮಂಡೀಲಿ ಗುಮಾಸ್ತರ ಪಕ್ಕ ಸ್ಟೂಲು ಹಾಕಿಕೊಂಡು ಸುಮ್ಮನೆ ನೋಡ್ತಾ ಕೂತೆ.

ಚೀಲ ಕಾಟಾಕ್ಕೆ ಬಿದ್ದಾಗ ಅಂಕಿ ಕುಣಿಯುತ್ತೆ. ನಿಲ್ಲೋವರೆಗೂ ಬರುವ ಪ್ರತಿ ಅಂಕಿಯೂ ಈಗ ಇತಿಹಾಸದಲ್ಲಿ ಒಂದೊಂದು ಮೆಟ್ಟಿಲು. ಹುಡುಗ ಒಂದು ಚೀಲ ತೆಗೆಯೋಕೆ ಅನ್‌ಡೂ ಬಡೀತಾ ಇರ್ತಾನೆ, ಬಡೀತಾ ಇರ್ತಾನೆ. ಲೆಕ್ಕ ತಪ್ಪಿದಾಗ ಗಲ್ಲಾದ ರೇಟಿಗೆ ತಗಲುತ್ತೆ. ಅಂಕಿ ನಿಂತ ಮೇಲೆ ಇಡೀ ಚೀಲ ಒಂದೇ ಮೆಟ್ಟಿಲಾಗಬೇಕು.

ಟೆಂಡರ್ ರೇಟು ಬಂದ ಮೇಲೆ ರೈತರು ಒಪ್ಪಿದರೆ ಮಾಲು ಹೋಗುತ್ತೆ, ಒಪ್ಪದಿದ್ದರೆ ಉಳಿಯುತ್ತೆ. ಒಬ್ಬರು ಒಪ್ಪಿ, ಚೀಟಿ ಪ್ರಿಂಟ್ ಆದ ಮೇಲೆ ತಲೆ ಕೆರೆದುಕೊಂಡು ನಿಂತರು. ಚಿಕ್ಕನಾಯಕನಹಳ್ಳಿ ಕಡೆಯವರು. ಗುಮಾಸ್ತರು ಅನ್‌ಡೂ ಒತ್ತಲಿಲ್ಲ. "ಚೀಟಿ ಕೈಗೆ ಹೋದ ಮೇಲೆ ಅಳಿಸೋದು ಅನ್ನೋದೇ ಇಲ್ಲ ಕಣಮ್ಮ" ಅಂದು ಕಪಾಟಿನಿಂದ ಹಳೇ ಲೆಡ್ಜರ್ ತೆಗೆದು ತೋರಿಸಿದರು. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ, ಕೆಳಗಿನ ಅಂಕಿ ಓದೋಕೆ ಬರಬೇಕು. ಪಕ್ಕದಲ್ಲಿ ಸಹಿ. ದೊಡ್ಡ ಮೊತ್ತವಾದರೆ ಗೆರೆಯೂ ಇಲ್ಲ, ಆ ದಿನದ ಪುಟದಲ್ಲಿ ಅಷ್ಟೇ ಮೊತ್ತದ ಉಲ್ಟಾ ನಮೂದು. "ಯಾರು ಬರೆದ್ರು, ಯಾರು ತಿದ್ದಿದ್ರು, ಎರಡೂ ಕಾಣ್ಬೇಕು. ಇಲ್ಲದಿದ್ರೆ ಅದು ಲೆಕ್ಕವಾ?"

ಸ್ಟ್ಯಾಕ್ ಅಂತ ನಾನು ಕರೆಯೋದರಲ್ಲಿ ಈ ಎರಡೂ ಕಾಣಲ್ಲ.

ಜೂನ್ 22, ಭಾನುವಾರ

ಅಪ್ಪ ಅರ್ಧ ಕೊಬ್ಬರಿ ಕೊಡೋಕೆ ಒಪ್ಪಿದರು. ಒಡೆಯೋಕೆ ಹೆಂಗಸರು ನಾಳೆ ಬರ್ತಾರೆ. ತುರುವೇಕೆರೆಯಿಂದ ಚಿಕ್ಕಪ್ಪ ಬಂದು "ತಡ್ಕೊಳಣ್ಣ, ಇನ್ನೂ ಏರ್ತದೆ" ಅಂದರು. ಅಪ್ಪ ಏನೂ ಹೇಳಲಿಲ್ಲ. ಮಾತು ನನ್ನ ಕಡೆಗೆ ತಿರುಗಿತು. ವಾಪಸ್ ಯಾವಾಗ ಹೋಗ್ತೀಯ ಅಂತ. ಎದ್ದು ಹೋಗಿ ಕಾಫಿ ಮಾಡಿದೆ.

ಕೋಡ್ ಮುಟ್ಟಲಿಲ್ಲ.

ಜೂನ್ 24, ಮಂಗಳವಾರ

ಒಬ್ಬರ ಕೆಲಸ ಇನ್ನೊಬ್ಬರ ಅನ್‌ಡೂಗೆ ಸಿಗೋದು ಹೊಸ ತಲೆನೋವಲ್ಲ. ಅತುಲ್ ಪ್ರಕಾಶ್, ಮೈಕೆಲ್ ನಿಸ್ಟರ್ 1994ರಲ್ಲೇ ಬರೆದಿದ್ದಾರೆ: ಹಲವರು ಒಂದೇ ದಾಖಲೆ ತಿದ್ದುವಾಗ, ಒಬ್ಬ ತನ್ನ ಕೊನೆಯ ಕೆಲಸ ಹಿಂತೆಗೆಯಬೇಕೆಂದರೆ ಅದು ಇಡೀ ಸಾಲಿನ ಕೊನೆಯದು ಆಗಿರಬೇಕಿಲ್ಲ. ನಡುವಿನಿಂದ ಒಂದನ್ನು ಎತ್ತಬೇಕು. ಅದರ ಮೇಲೆ ಇನ್ನೊಬ್ಬರು ಏನಾದರೂ ಕಟ್ಟಿದ್ದಾರಾ ಅಂತ ಮೊದಲು ನೋಡಬೇಕು. ಕಟ್ಟಿದ್ದರೆ ಸಂಘರ್ಷ.

ನಮ್ಮಲ್ಲಿ: ಹುಡುಗ ತೂಕ ಹಾಕಿದ. ಗುಮಾಸ್ತರು ಆ ತೂಕಕ್ಕೆ ರೇಟು ಹಾಕಿ ಮೊತ್ತ ಬಂತು. ಹುಡುಗ ತೂಕ ತೆಗೆದರೆ ಮೊತ್ತ ಏನಾಗಬೇಕು? ಮೂರು ದಾರಿ. ಅನ್‌ಡೂ ಆಗಲ್ಲ ಅನ್ನೋದು. ಮೊತ್ತವನ್ನೂ ಜೊತೆಗೆ ಎಳೆದುಕೊಂಡು ಹೋಗೋದು. ಉಲ್ಟಾ ನಮೂದು ಹಾಕಿ ಗಲ್ಲಾದವರಿಗೆ ತಿಳಿಸೋದು.

ಅಪ್ಪ ಪಕ್ಕದಲ್ಲಿ ಕೂತು ಏನು ಬರೀತಿದ್ದೀಯ ಅಂದರು. ಹೇಳಿದೆ. ಹೋದ ವರ್ಷದ್ದು ನೆನಪಿಸಿಕೊಂಡರು. 2024ರಲ್ಲಿ ಬೆಂಬಲ ಬೆಲೆ ಖರೀದಿಗೆ ಮಾಡಿದ್ದ ನೋಂದಣಿ ಅಕ್ರಮದ ದೂರು ಬಂದು ರದ್ದಾಗಿ, ಮಾರ್ಚಿನಲ್ಲಿ ಮತ್ತೆ ಮೊದಲಿಂದ ಆಯಿತು. ಅಪ್ಪ ಪಹಣಿ, ಆಧಾರ್ ಹಿಡಿದು ಮತ್ತೆ ಸಾಲಲ್ಲಿ ನಿಂತಿದ್ದರು. "ಕಳ್ಳ ಹೆಸರು ತೆಗೀಲಿ, ಬೇಡ ಅಂದೋರ‍್ಯಾರು. ನಂದ್ಯಾಕೆ ತೆಗೆದ್ರು?"

ಗುಮಾಸ್ತರದ್ದೂ ಇದೇ ಪ್ರಶ್ನೆ. ಆದರೆ ಎಲ್ಲವನ್ನೂ ತೆಗೆಯೋದು ಬರೆಯೋಕೆ ಸುಲಭ, ಸರಿಯಾಗಿದೆಯಾ ಅಂತ ಪರೀಕ್ಷಿಸೋಕೂ ಸುಲಭ. ಬರೆಯುವವರ ಕಡೆ ಕೂತರೆ ಅದರ ಆಸೆ ಅರ್ಥವಾಗುತ್ತೆ. ಇದನ್ನು ಅಪ್ಪನಿಗೆ ಹೇಳಲಿಲ್ಲ.

ಜೂನ್ 26, ಗುರುವಾರ

ರಸ್ಟ್ 1.88 ಬಂತು. 'ಇಫ್ ಲೆಟ್'ಗಳನ್ನು ಸರಪಳಿ ಮಾಡಿ ಬರೆಯಬಹುದು ಇನ್ಮೇಲೆ, 2024ರ ಎಡಿಷನ್ ಹಾಕಿಕೊಂಡಿದ್ದರೆ. ನನ್ನ ಸಂಘರ್ಷ ತಪಾಸಣೆ ಫಂಕ್ಷನ್ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಸರಿಯುತ್ತಿತ್ತು, ಚಪ್ಪಟೆಯಾಯಿತು. ಇಂಥ ಸಣ್ಣ ಸುಖಕ್ಕೆ ಅರ್ಧ ದಿನ ಹೋದರೂ ಬೇಜಾರಿಲ್ಲ.

ಮಧ್ಯಾಹ್ನ 'ವಿವರ' ಅಂಕಣ. ಗುಮಾಸ್ತರು ಅದನ್ನು ಕನ್ನಡದಲ್ಲೇ ತುಂಬ್ತಾರೆ. ಕೊಬ್ಬರಿ. ಓದುವವರಿಗೆ ಮೂರು ಅಕ್ಷರ. ಯೂನಿಕೋಡಿಗೆ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಅನ್‌ಡೂ ಎಲ್ಲಿ ಕತ್ತರಿಸಬೇಕು? ಒಂದು ಸಂಕೇತದ ಬೈಟುಗಳ ನಡುವೆ ಕತ್ತರಿಸೋಕೆ ಹೋದರೆ ರಸ್ಟ್ ಪ್ಯಾನಿಕ್ ಆಗುತ್ತೆ, ಒಳ್ಳೇದೇ. ಸಂಕೇತದ ಲೆಕ್ಕದಲ್ಲಿ ಕತ್ತರಿಸಿದರೆ ಗುಣಿತ ಕಳಚಿ ಬೀಳುತ್ತೆ. 2023ರ ಯೂನಿಕೋಡ್ 15.1 ಒತ್ತಕ್ಷರ ಒಡೆಯಬಾರದು ಅನ್ನೋ ನಿಯಮ ತಂತು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಪಟ್ಟಿಯಲ್ಲಿ ಕನ್ನಡ ಇಲ್ಲ. ಆ ನಿಯಮದ ಪ್ರಕಾರ ಕೊಬ್ಬರಿ ಅಂದರೆ ಕೊ, ಬ್, ಬ, ರಿ. ನಾಲ್ಕು ತುಂಡು.

ತಲೆ ಕೆಡಿಸಿಕೊಳ್ಳಲಿಲ್ಲ. ಪದ ಮುಗಿದಾಗ ಇಲ್ಲವೇ ಕೈ ನಿಂತಾಗ ಒಂದು ಮೆಟ್ಟಿಲು. ಅಕ್ಷರಕ್ಕೊಂದು ಅನ್‌ಡೂ ಯಾರೂ ಕೇಳಿಲ್ಲ.

ಜೂನ್ 28, ಶನಿವಾರ

ಲೂಮ್ ಹಚ್ಚಿದೆ. ಥ್ರೆಡ್‌ಗಳ ಹೆಜ್ಜೆಗಳು ಯಾವ್ಯಾವ ಸರದಿಯಲ್ಲಿ ಹೆಣೆದುಕೊಳ್ಳಬಹುದೋ ಅವನ್ನು ಬದಲಿಸಿ ಬದಲಿಸಿ ಓಡಿಸಿ ನೋಡುವ ಪರೀಕ್ಷೆ. ಇಬ್ಬರು, ತಲಾ ಮೂರು ಹೆಜ್ಜೆ ಅಂದರೆ 20 ಸರದಿ. ತಲಾ ಹತ್ತು ಅಂದರೆ 1,84,756. ಆದ್ದರಿಂದ ಪರೀಕ್ಷೆ ಚಿಕ್ಕದಿರಬೇಕು: ಒಬ್ಬ ಬರೆಯೋದು, ಒಬ್ಬ ತೆಗೆಯೋದು, ಅಷ್ಟೇ. ಲ್ಯಾಪ್‌ಟಾಪಿನ ಫ್ಯಾನು ಅಮ್ಮನ ಮಿಕ್ಸಿಗಿಂತ ಜೋರು.

ಲೂಮ್ ಒಂದು ಸರದಿ ಹಿಡಿದುಕೊಟ್ಟಿತು. 'ಅನ್‌ಡೂ ಉಳಿದಿದೆಯಾ' ಅಂತ ಕೇಳಿ 'ಹೌದು' ಅಂತ ಉತ್ತರ ಬಂದು, ಒತ್ತುವಷ್ಟರಲ್ಲಿ ಇನ್ನೊಬ್ಬರು ಅದನ್ನೇ ತೆಗೆದಿದ್ದಾರೆ. ಎರಡೂ ಕರೆ ಬೀಗದೊಳಗೇ ಆದವು. ಒಂದೇ ಜಾಗಕ್ಕೆ ಇಬ್ಬರು ಒಟ್ಟಿಗೆ ನುಗ್ಗುವ ಡೇಟಾ ರೇಸ್ ಇಲ್ಲ. ಕಂಪೈಲರಿಗೆ ತಕರಾರಿಲ್ಲ. ಆದರೂ ತಪ್ಪು. ಡೇಟಾ ರೇಸನ್ನು ರಸ್ಟ್ ತಡೆಯುತ್ತೆ, ಸರದಿಯ ತಪ್ಪನ್ನು ತಡೆಯಲ್ಲ. ಓದಿ ಗೊತ್ತಿದ್ದ ಮಾತು. ಇವತ್ತು ಕಣ್ಣಿಗೆ ಕಂಡಿತು.

ಕೇಳಿ ಆಮೇಲೆ ಒತ್ತೋದು ಬೇಡ. ಒತ್ತುವಾಗಲೇ ಹೇಳಬೇಕು: ನಾನು ನೋಡಿದ್ದು ಈ ಆವೃತ್ತಿ, ನನಗೆ ತೆಗೀಬೇಕಾದ್ದು ಈ ನಮೂದು. ಹೊಂದದಿದ್ದರೆ 'ಇಲ್ಲ' ಅನ್ನು, ಕಾರಣ ಕೊಡು.

ಜುಲೈ 1, ಮಂಗಳವಾರ

ಬೀಗವನ್ನೇ ಕೈಬಿಡೋ ಯೋಚನೆ. ಇತಿಹಾಸ ಒಂದೇ ಥ್ರೆಡ್ಡಿನ ಸ್ವತ್ತು. ಉಳಿದವರೆಲ್ಲ ಚಾನೆಲ್ ಮೂಲಕ ಅರ್ಜಿ ಹಾಕ್ತಾರೆ: ಇದನ್ನು ಬರೆ, ಇದನ್ನು ತೆಗೆ. ಬಂದ ಸರದಿಯಲ್ಲಿ ಆಗುತ್ತೆ. ರಸ್ಟ್ ಜೊತೆಗೇ ಬರುವ 'ಎಂಪಿಎಸ್‌ಸಿ' ಚಾನೆಲ್ ಇಂಥದ್ದಕ್ಕೇ ಇರೋದು, ಕಳಿಸುವವರು ಹಲವರು, ಪಡೆಯುವವ ಒಬ್ಬ. ಡೆಡ್‌ಲಾಕಿನ ಭಯ ಬಹುಪಾಲು ಹೋಯಿತು. ಕಾಲ್‌ಬ್ಯಾಕಿನ ಗೋಳೂ ಹೋಯಿತು.

ಬದಲಿಗೆ ಬಂದದ್ದು: ಅನ್‌ಡೂ ತಕ್ಷಣ ಆಗೋ ಕೆಲಸವಾಗಿ ಉಳಿಯಲಿಲ್ಲ. ಅರ್ಜಿ ಹೋಯಿತು, ಉತ್ತರ ಆಮೇಲೆ. ಆ ಕಣ್ಣೆವೆ ಹೊಡೆಯೋ ಹೊತ್ತಿನಲ್ಲಿ ಪರದೆ ಹಳೆಯದನ್ನು ತೋರಿಸಬೇಕಾ, ಆದೀತು ಅಂತ ನಂಬಿ ಹೊಸದನ್ನಾ? ಹಳೆಯದು ಅಂತ ಇಟ್ಟಿದ್ದೇನೆ. ಖಾತ್ರಿಯಿಲ್ಲ.

ರೀಡೂ ಇನ್ನೂ ಕಗ್ಗಂಟು. ಒಬ್ಬರೇ ಇದ್ದಾಗ ಹೊಸ ನಮೂದು ಬಂದರೆ ರೀಡೂ ಹೋಗುತ್ತೆ, ಯಾರಿಗೂ ಅಚ್ಚರಿಯಿಲ್ಲ. ಈಗ ಹುಡುಗ ಒಂದು ಚೀಲ ತೆಗೆದ. ಮತ್ತೆ ಹಾಕೋಣ ಅಂದುಕೊಳ್ಳುವಷ್ಟರಲ್ಲಿ ಗುಮಾಸ್ತರು ಬೇರೆ ಯಾವುದೋ ಲಾಟಿಗೆ ರೇಟು ಹಾಕಿದರು. ಹುಡುಗನ ರೀಡೂ ಯಾಕೆ ಹೋಗಬೇಕು? ಹೋಗದಿದ್ದರೆ, ಅದೇ ಲಾಟನ್ನೇ ಅವರು ಮುಟ್ಟಿದ್ದಾಗ ಏನು? ವಿಮ್ 2006ರ 7ನೇ ಆವೃತ್ತಿಯಿಂದ ಕವಲುಗಳನ್ನೆಲ್ಲ ಮರವಾಗಿ ಉಳಿಸಿಕೊಳ್ಳುತ್ತೆ, ಯಾವುದೂ ಕಳೆದುಹೋಗಲ್ಲ. ನನಗೆ ಇಷ್ಟ. ಹರಾಜಿನ ದಿನ ಮಂಡೀಲಿ ನಿಂತು ಮರ ಹತ್ತೋರು ಯಾರು?

ಜುಲೈ 3, ಗುರುವಾರ

ರೇಟು ಇನ್ನೂ ಏರಿದೆ. ಅಪ್ಪ ಪೇಪರ್ ಮಡಚಿಟ್ಟು ತೋಟಕ್ಕೆ ಹೋದರು. ಮನೇಲಿ ಯಾರೂ ಆ ಮಾತು ಎತ್ತಲಿಲ್ಲ. ಚಿಕ್ಕಪ್ಪನ ಫೋನು ಬಂತು, ಅಮ್ಮ ತೆಗೀಲಿಲ್ಲ.

ಎರಡು ಮರದಲ್ಲಿ ಕಾಂಡ ಸೋರ್ತಿದೆಯಂತೆ. ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾಳೆ ನಾನೇ ಹೋಗಿ ಕೇಳಿ ಬರಬೇಕು.

ಬರೆದದ್ದು ಕಡಿಮೆ. ನಮೂದಿಗೆ ಯಾರು ಬರೆದದ್ದು ಅನ್ನೋ ಗುರುತು ಕಡ್ಡಾಯ ಮಾಡಿದೆ. ಗುರುತಿಲ್ಲದೆ ನಮೂದು ಕಟ್ಟೋಕೇ ಬರದಂತೆ ಟೈಪ್. ಅನ್‌ಡೂ ಕೂಡ ಒಂದು ನಮೂದು, ಅದಕ್ಕೂ ಗುರುತು. ಯಾವುದೂ ಅಳಿಯಲ್ಲ, ಉಲ್ಟಾ ನಮೂದು ಸೇರುತ್ತೆ. ಪ್ರಿಂಟ್ ಆದ ಚೀಟಿ ಒಂದು ಗಡಿ, ಅದರಾಚೆ ಅನ್‌ಡೂ ದಾಟಲ್ಲ.

ಜುಲೈ 5, ಶನಿವಾರ

ಮಂಡೀಲಿ ಪ್ರಯೋಗ. ಹಮಾಲರು ಚೀಲ ಹಾಕೋ ವೇಗಕ್ಕೆ ಚಾನೆಲ್ ಹಿಂದೆ ಬೀಳಲಿಲ್ಲ. ಕಾಟಾದ ಹುಡುಗ ತೂಕ ತೆಗೆದ, ಗಲ್ಲಾದ ರೇಟು ಅಲ್ಲಾಡಲಿಲ್ಲ. ಗುಮಾಸ್ತರು ತಲೆ ಆಡಿಸಿದರು. ಒಗ್ಗರಣೆ ಪುರಿ, ಟೀ ತರಿಸಿದರು.

ಆಮೇಲೆ ರೇಟು ಬಿದ್ದ ಲಾಟಿನ ಮೇಲೆ ಹುಡುಗ ಒತ್ತಿದ. 'ಆಗಲ್ಲ, ಗಲ್ಲಾದಲ್ಲಿ ರೇಟು ಬಿದ್ದಿದೆ' ಅಂತ ಬಂತು. ಹುಡುಗನಿಗೆ ಸಿಟ್ಟು. "ತೂಕ ತಪ್ಪಿರೋದು ನಂಗೆ ಕಾಣ್ತೈತೆ ಅಕ್ಕ. ಅವರನ್ನ ಕೇಳ್ಕೊಂಡು ಬರ್ಬೇಕಾ?" ಗುಮಾಸ್ತರು "ಹೂಂ, ಬಾ" ಅಂದರು. ಹುಡುಗ ಎದ್ದು ಬಂದ. ಇಬ್ಬರೂ ಚೀಲ ಇನ್ನೊಂದು ಸಲ ಕಾಟಾಕ್ಕೆ ಹಾಕಿಸಿದರು. ಹುಡುಗ ಹೇಳಿದ್ದೇ ಸರಿ.

ಇದು ನನ್ನ ವಿನ್ಯಾಸ ಗೆದ್ದದ್ದೋ ಸೋತದ್ದೋ ಗೊತ್ತಾಗ್ತಿಲ್ಲ. ಸರಿಯಿದ್ದವನು ನಡೆದು ಬರಬೇಕಾಯಿತು. ಲೆಕ್ಕ ಮಾತ್ರ ಕೆಡಲಿಲ್ಲ.

ಜುಲೈ 8, ಮಂಗಳವಾರ

0.4 ಬಿಟ್ಟೆ. 'ಕೊನೆಯದನ್ನು ತೆಗೆ' ಅನ್ನೋ ಫಂಕ್ಷನ್ ತೆಗೆದುಹಾಕಿದ್ದೇನೆ. ಉಳಿದದ್ದು 'ನನ್ನದನ್ನು ತೆಗೆ'. ಇದರಿಂದ ಹಳೇ ಬಳಕೆದಾರರ ಕೋಡ್ ಒಡೆಯುತ್ತೆ, ಬೈತಾರೆ. ಬೈಯಲಿ.

ರೀಡೂಗೆ ಸದ್ಯದ ನಿಯಮ: ಅದೇ ಲಾಟನ್ನು ಇನ್ನೊಬ್ಬರು ಮುಟ್ಟಿದ್ದರೆ ರೀಡೂ ಇಲ್ಲ, ಮುಟ್ಟದಿದ್ದರೆ ಇದೆ. ಇದು ಸಾಲದು ಅಂತ ಗೊತ್ತಿದೆ. ದಾಖಲೆ ಪುಟದಲ್ಲೂ ಹಾಗೇ ಬರೆದಿದ್ದೇನೆ.

ಥ್ರೆಡ್ ಸುರಕ್ಷತೆ ಅಂತ ಶುರು ಮಾಡಿದ್ದು. ಬೀಗವೋ ಚಾನೆಲ್ಲೋ, ಎರಡೂ ಇಬ್ಬರು ಒಟ್ಟಿಗೆ ನುಗ್ಗದ ಹಾಗೆ ನೋಡಿಕೊಳ್ಳುತ್ತವೆ. ಯಾರು ಬರೆದದ್ದನ್ನು ಯಾರು ತೆಗೀಬಹುದು ಅನ್ನೋದು ಕಂಪೈಲರಿಗೆ ಗೊತ್ತಿಲ್ಲ. ಅದನ್ನು ಕಾಟಾ ಹತ್ತಿರ ಕೂತವರನ್ನೂ ಗಲ್ಲಾದಲ್ಲಿ ಕೂತವರನ್ನೂ ಕೇಳಿ, ಆಮೇಲೆ ಟೈಪ್ ಬರೀಬೇಕು.